ಮಗಳನ್ನು ಕರೆತರಲು ಹೋದ ರಜೆ

ಸೆಪ್ಟೆಂಬರಿನಲ್ಲಿ ನಾವು ಗಂಡ ಹೆಂಡತಿ ಫ್ರಾನ್ಸಿನ ಒಂದು ಹಳ್ಳಿಗೆ ರಜೆಗೆ ಹೋಗುತ್ತೇವೆಂದು ಹೇಳಿದಾಗ ಅಮೆರಿಕದ ಮುಕಿಲ್ಟಿಯೊದಲ್ಲಿರುವ ನಮ್ಮ ಸ್ನೇಹಿತರಿಗೆಲ್ಲ ಸಣ್ಣಗೆ ಹೊಟ್ಟೆಕಿಚ್ಚಾಯಿತು. ದ್ರಾಕ್ಷಿ ಕೊಯ್ಲಿನ ಕಾಲ, ಬಿಸಿಲು ಹದವಾಗಿರುತ್ತದೆ, ಬೇಸಿಗೆಯ ಜನಜಂಗುಳಿ ಕರಗಿರುತ್ತದೆ ಎಂದು ಆಳಿಗೊಂದು ಮಾತು ಹೇಳಿದರು. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ನನಗೆ ದ್ರಾಕ್ಷಿಯೂ ಬೇಕಿರಲಿಲ್ಲ, ಬಿಸಿಲೂ ಬೇಕಿರಲಿಲ್ಲ. ಏಳು ತಿಂಗಳ ಬಸುರಿಯಾದ ಮಗಳನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಲು ನಾನು ಹೊರಟಿದ್ದೆ. ರಜೆ ಎನ್ನುವುದು ಬರೀ ನೆಪ.

ಮಗಳು ಹುಟ್ಟಿ ಬೆಳೆದದ್ದು ಇಲ್ಲೇ. ಓದಲು ಫ್ರಾನ್ಸಿಗೆ ಹೋದವಳು ಅಲ್ಲಿಯ ಹುಡುಗನನ್ನು ಮದುವೆಯಾಗಿ ಅವನ ಊರಿನಲ್ಲೇ ಉಳಿದುಬಿಟ್ಟಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳು ಬಸುರಿ ಎಂದು ಫೋನ್ ಮಾಡಿದ ದಿನವೇ ನಾನು ಮನೆಯ ಪಶ್ಚಿಮದ ಕೋಣೆಯನ್ನು ಖಾಲಿ ಮಾಡತೊಡಗಿದೆ. ಅದರ ಕಿಟಕಿಯಲ್ಲಿ ಸಮುದ್ರದ ಮೇಲೆ ಫೆರ್ರಿ ಹಡಗು ಬಂದು ಹೋಗುವುದು ಕಾಣುತ್ತದೆ. ಬಾಣಂತಿಗೆ ಅಷ್ಟೊಂದು ಬೆಳಕು, ಗಾಳಿ ಆಗದೆಂದು ದಪ್ಪ ಪರದೆ ಹಾಕಿಸಿದೆ. ನೀರು ಕಾಯಿಸಲು ದೊಡ್ಡ ಪಾತ್ರೆ ತಂದೆ. ಹಳೆಯ ಹತ್ತಿ ಸೀರೆ ಕತ್ತರಿಸಿ ಕುಲಾವಿ ಹೊಲಿದೆ. ಮಗುವಿಗೆ ಸಾಂಬ್ರಾಣಿ ಹೊಗೆ ಹಾಕುವಾಗ ಕಿರುಚಿಕೊಳ್ಳದಿರಲೆಂದು ಸ್ಮೋಕ್ ಅಲಾರಮ್ಮಿನ ಬ್ಯಾಟರಿಯನ್ನೂ ತೆಗೆದಿಟ್ಟೆ.

"ಕೂಸು ಹುಟ್ಟೋಕ್ ಮುಂಚೆ ಕುಲಾವಿ ಅಂತ ಗಾದೆ ಕೇಳಿದ್ದೆ, ಈಗ ಕಣ್ಣಾರೆ ನೋಡ್ತಿದೀನಿ" ಎಂದರು ನನ್ನ ಯಜಮಾನರು. ಅವರು ಪಕ್ಕದ ಊರು ಎವರೆಟ್ಟಿನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರು. ಸುರಕ್ಷತೆಯ ವಿಷಯದಲ್ಲಿ ಅವರೊಂದಿಗೆ ತಮಾಷೆ ನಡೆಯುವುದಿಲ್ಲ. ಬ್ಯಾಟರಿಯನ್ನು ಅವರು ವಾಪಸ್ಸು ಹಾಕುವುದು, ನಾನು ತೆಗೆಯುವುದು, ಇದು ಬೇಸಿಗೆಯುದ್ದಕ್ಕೂ ನಡೆಯಿತು. ಮಗಳನ್ನು ಒಂದು ಮಾತು ಕೇಳಬಾರದೇ ಎಂದು ಅವರು ಒಂದೆರಡು ಸಲ ಹೇಳಿದ್ದೂ ಉಂಟು. ಕೇಳುವುದೇನಿದೆ, ಚೊಚ್ಚಲ ಹೆರಿಗೆ ತವರಿನದು ಎಂದು ನಾನು ಬಾಯಿ ಮುಚ್ಚಿಸಿದ್ದೆ.

ನನ್ನ ಈ ಹಟಕ್ಕೆ ಕಾರಣವಿದೆ. ನನ್ನ ಚೊಚ್ಚಲ ಹೆರಿಗೆ ತವರಿನಲ್ಲಿ ಆಗಲಿಲ್ಲ. ಮೈಸೂರಿಗೆ ಟಿಕೆಟ್ ಆಗಿತ್ತು. ರಕ್ತದೊತ್ತಡ ಏರಿ ಡಾಕ್ಟರು ವಿಮಾನ ಹತ್ತಕೂಡದು ಎಂದರು. ಹಾಗಾದರೆ ಅಮ್ಮನೇ ಬರುವುದೆಂದಾಯಿತು; ಅವಳು ಹೊರಡುವ ಹೊತ್ತಿಗೆ ಸರಿಯಾಗಿ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಚಳಿಗಾಲದಲ್ಲಿ ಎವರೆಟ್ಟಿನಲ್ಲಿ ಹೆತ್ತೆ. ಹೆತ್ತು ಸ್ವಲ್ಪ ಹೊತ್ತಿಗೆ ನರ್ಸು ನಗುನಗುತ್ತಾ ದೊಡ್ಡ ಲೋಟದ ತುಂಬ ಐಸ್ ಹಾಕಿದ ನೀರು ತಂದುಕೊಟ್ಟಳು. ಇಲ್ಲಿ ಎಲ್ಲರಿಗೂ ಹಾಗೆಯೇ ಕೊಡುತ್ತಾರೆ, ಪಾಪ, ಅವಳದ್ದೇನೂ ತಪ್ಪಿಲ್ಲ. ಬಾಣಂತಿ ತಣ್ಣೀರು ಮುಟ್ಟಬಾರದೆಂದು ಕೇಳಿಕೊಂಡೇ ಬೆಳೆದವಳು ನಾನು. ಗಂಟಲು ಒಣಗಿತ್ತು, ಬೇಡವೆಂದು ವಿವರಿಸಿ ಹೇಳುವಷ್ಟು ತ್ರಾಣ ಇರಲಿಲ್ಲ. ಕುಡಿದೆ.

ಮನೆಗೆ ಬಂದ ಮೇಲೆ ಯಜಮಾನರು ಫೋನ್ ಕಾರ್ಡು ಕೊಂಡು ತಂದು, ಅಮ್ಮನನ್ನು ಕೇಳಿಕೊಂಡು ಮೆಣಸಿನ ಸಾರಿಗೆ ಇಟ್ಟರು. ಒಲೆಯ ಮೇಲೆ ಮೆಣಸು ಬಿಟ್ಟು, ಮುಂದೇನು ಎಂದು ಕೇಳಲು ಫೋನಿನ ಹತ್ತಿರ ಹೋದರು. ಮೆಣಸು ಸೀದು ಹೊಗೆಯೆದ್ದು ಅಲಾರಂ ಕೂಗಿಕೊಂಡು, ಅಪಾರ್ಟ್‌ಮೆಂಟಿನವರೆಲ್ಲ ಪೈಜಾಮದಲ್ಲೇ ಕೆಮ್ಮುತ್ತಾ ಹೊರಗೆ ಓಡಿಬಂದರು. ಹಸುಗೂಸನ್ನು ಎದೆಗವಚಿಕೊಂಡು ನಾನೂ ಪಾರ್ಕಿಂಗ್ ಲಾಟಿನಲ್ಲಿ ಚಪ್ಪಲಿಯಿಲ್ಲದೆ ನಿಂತೆ. ಈ ಕಥೆಯನ್ನು ಆಮೇಲೆ ಎಷ್ಟು ಊಟದ ಮನೆಗಳಲ್ಲಿ ಹೇಳಿ ಜನರನ್ನು ನಗಿಸಿದ್ದೇನೋ. ಯಜಮಾನರು ಫೋನ್ ಹಿಡಿದು ಸೌಟು ಬೀಸುತ್ತಾ ಓಡಿದ್ದನ್ನು ನಾನು ಅಭಿನಯಿಸಿ ತೋರಿಸುವುದೂ ಇದೆ. ಮಗಳು ಚಿಕ್ಕಂದಿನಲ್ಲಿ ಮತ್ತೆ ಮತ್ತೆ ಹೇಳಿಸಿಕೊಂಡು ನಗುತ್ತಿದ್ದಳು.

ನಗಿಸಿದ್ದು ನಿಜ. ಆದರೆ ಆ ಪಾರ್ಕಿಂಗ್ ಲಾಟಿನಲ್ಲಿ ನಿಂತಾಗಲೇ, ನನ್ನ ಮಗಳಿಗೆ ಹೀಗಾಗಕೂಡದು, ಇವಳ ಬಾಣಂತನ ನನ್ನ ಕೈಯಲ್ಲಿ ನನ್ನ ಮನೆಯಲ್ಲಿ ಆಗಬೇಕು ಎಂದು ನಿಶ್ಚಯ ಮಾಡಿದ್ದೆ.

ಇಂಥದ್ದನ್ನು ಫೋನಿನಲ್ಲಿ ಹೇಳುವುದಿಲ್ಲ. ನಮ್ಮಲ್ಲಿ ಒಂದು ಕ್ರಮವಿದೆ. ಏಳನೇ ತಿಂಗಳಲ್ಲಿ ತವರಿನವರು ಹೋಗಿ, ಮಗಳಿಗೆ ಹಸಿರು ಬಳೆ ತೊಡಿಸಿ, ಬೀಗಿತಿಯ ಕೈಗೆ ತಾಂಬೂಲ ಕೊಟ್ಟು, ಕಳಿಸಿಕೊಡಿ ಎಂದು ಕೇಳಬೇಕು. ಕೇಳುವವರು ಮರ್ಯಾದೆಯಿಂದ ಕೇಳಿದರೆ ಕಳಿಸುವವರು ಸಂತೋಷದಿಂದ ಕಳಿಸುತ್ತಾರೆ. ಅಜ್ಜಿ ಅಮ್ಮನನ್ನು ಕರೆತಂದದ್ದು ಹಾಗೆ. ನನ್ನ ಸೂಟ್‌ಕೇಸಿನಲ್ಲಿ ಗಾಜಿನ ಬಳೆ, ರವಿಕೆ ಕಣ, ಅರಿಶಿನ ಕುಂಕುಮ, ಅಡಿಕೆ, ಹರಳೆಣ್ಣೆ, ಸೀಗೆಪುಡಿ ಇದ್ದವು. ಅದರ ಮೇಲೆ, ಕೇಳಿದವರಿಗೆ ತೋರಿಸಲು ಇರಲಿ ಎಂಬಂತೆ, ಒಂದು ಬಿಸಿಲಿನ ಟೋಪಿ.

ಬೋರ್ಡೋ ವಿಮಾನ ನಿಲ್ದಾಣದಲ್ಲಿ ಇಳಿದೆವು. ಅಳಿಯ ಕಾರಿನಲ್ಲಿ ಕರೆದುಕೊಂಡು ಹೋದ. ದಾರಿಯ ಎರಡೂ ಕಡೆ ದ್ರಾಕ್ಷಿ ತೋಟಗಳು, ಎಲೆಗಳ ಅಂಚು ಆಗಷ್ಟೇ ಹಳದಿಯಾಗುತ್ತಿತ್ತು. ಹಣ್ಣು ತುಂಬಿದ ಟ್ರೇಲರ್ ಎಳೆದುಕೊಂಡು ಮುಂದೆ ಹೋಗುತ್ತಿದ್ದ ಟ್ರ್ಯಾಕ್ಟರನ್ನು ಯಾರೂ ಹಾರನ್ ಮಾಡಿ ಅವಸರಪಡಿಸಲಿಲ್ಲ. ಊರು ಬಂತು ಎಂದು ಅಳಿಯ ಹೇಳಿದ್ದಕ್ಕೆ ಗೊತ್ತಾಯಿತು. ಇದ್ದದ್ದು ಒಂದು ಚರ್ಚು, ಒಂದು ಬ್ರೆಡ್ಡಿನ ಅಂಗಡಿ, ಕೆಲವು ಕಲ್ಲಿನ ಮನೆಗಳು. ಮಗಳ ಮನೆ ಮತ್ತು ಬೀಗಿತಿಯ ಮನೆ ಎರಡಕ್ಕೂ ನಡುವೆ ಒಂದೇ ಅಂಗಳ, ಅಂಗಳದಲ್ಲಿ ಅಂಜೂರದ ಮರ. ಬೀಗಿತಿ ಎತ್ತರದ ಹೆಂಗಸು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಅವರಿಗೆ ಇಂಗ್ಲಿಷ್ ಬಾರದು, ನನಗೆ ಫ್ರೆಂಚ್ ಬಾರದು. ನನ್ನ ಎರಡೂ ಕೆನ್ನೆಗೆ ಕೆನ್ನೆ ತಾಗಿಸಿದರು. ಯಜಮಾನರ ಸರದಿ ಬಂದಾಗ ಅವರು ದೂರದಿಂದಲೇ ಗಟ್ಟಿಯಾಗಿ ನಮಸ್ಕಾರ ಮಾಡಿದರು.

ರಜೆಗೆ ಬಂದಿದ್ದೇವೆಂದು ನಾವೇ ಹೇಳಿದ್ದೆವಲ್ಲ, ಆ ಮಹಾತಾಯಿ ಅದನ್ನು ನಂಬಿದ್ದರು. ಬೆಳಿಗ್ಗೆ ಮಂಜು ಕರಗುವುದೇ ತಡ, ಕಾರಿನ ಕೀಲಿ ಹಿಡಿದು ನಿಂತಿರುತ್ತಿದ್ದರು. ಒಂದು ದಿನ ನದಿ, ಒಂದು ದಿನ ಕೋಟೆ, ಒಂದು ದಿನ ಸಂತೆ. ಸಂತೆಯಲ್ಲಿ ನಾನು ಮಾಂಸದ ಅಂಗಡಿಗಳ ಸಾಲನ್ನು ಬಳಸಿಕೊಂಡು ನಡೆದದ್ದು ಗಮನಿಸಿ, ಮಾರನೆಯ ದಿನದಿಂದ ಟೊಮೇಟೊ, ಕುಂಬಳಕಾಯಿ, ಬೀನ್ಸಿನದೇ ಅಡುಗೆ ಮಾಡಿದರು. ಹಿಂಭಾಗದ ತೋಟದಲ್ಲಿ ಅಕ್ರೋಟ್ ಉದುರುತ್ತಿದ್ದವು. ಇಬ್ಬರೂ ಕೂತು ಹಸಿರು ಸಿಪ್ಪೆ ಬಿಡಿಸಿದೆವು. ಅದರ ಕಲೆ ಹೋಗುವುದೇ ಇಲ್ಲ. ಇಬ್ಬರ ಬೆರಳುಗಳೂ ಗೋರಂಟಿ ಹಚ್ಚಿದಂತೆ ಕಂದಾದವು. ಅವರು ತಮ್ಮ ಕೈ ಚಾಚಿ ನನ್ನ ಕೈಯ ಪಕ್ಕದಲ್ಲಿಟ್ಟು ನಕ್ಕರು. ನನಗೂ ನಗು ಬಂತು. ಒಳ್ಳೆಯವರು ಎನ್ನಿಸಿತು, ಅದರಿಂದ ನನ್ನ ಕೆಲಸ ಇನ್ನಷ್ಟು ಕಷ್ಟವಾಯಿತು. ಕೆಟ್ಟ ಬೀಗಿತಿಯಾಗಿದ್ದರೆ ಬಂದ ದಿನವೇ ಕೇಳಿಬಿಡುತ್ತಿದ್ದೆ.

ಮಗಳನ್ನು ನೋಡಿದರೆ ನನಗೆ ಸಂಕಟ. ಮುಖದಲ್ಲಿ ಕಳೆಯಿತ್ತು, ಅದು ಬೇರೆ ಮಾತು. ಆದರೆ ಆ ಕಲ್ಲು ನೆಲದ ಮೇಲೆ ಬರಿಗಾಲಲ್ಲಿ ಓಡಾಡುತ್ತಿದ್ದಳು. ಫ್ರಿಜ್ಜಿನ ನೀರು ಗಟಗಟ ಕುಡಿಯುತ್ತಿದ್ದಳು. ಸಂಜೆ ಗಂಡನ ತೋಳು ಹಿಡಿದು ತೋಟದ ಏರು ಹತ್ತಿ ಇಳಿದು ಬರುತ್ತಿದ್ದಳು. ಕಾಲು ಬಾತಿದೆಯಾ, ರಾತ್ರಿ ನಿದ್ದೆ ಬರುತ್ತಾ, ಮಗು ಒದೆಯುತ್ತಾ ಎಂದು ನಾನು ಕೇಳುವುದು, ಅವಳು ಇಂಗ್ಲಿಷಿನಲ್ಲಿ ಸಮಾಧಾನ ಹೇಳುವುದು. ಪಶ್ಚಿಮದ ಕೋಣೆಯ ವಿಷಯ ಮಾತ್ರ ನಾನು ಎತ್ತಲಿಲ್ಲ. ಆ ಮಾತು ಕೇಳಬೇಕಾದದ್ದು ಬೀಗಿತಿಯ ಹತ್ತಿರವಲ್ಲವೇ.

ಹೊರಡಲು ಇನ್ನು ಹೆಚ್ಚು ದಿನ ಉಳಿದಿರಲಿಲ್ಲ. ಒಂದು ಸಂಜೆ ಸ್ನಾನ ಮಾಡಿ ಸೀರೆಯುಟ್ಟೆ. ಯಜಮಾನರಿಗೆ ಜುಬ್ಬ ತೊಡಿಸಿದೆ. ತಾಂಬೂಲಕ್ಕೆ ವೀಳ್ಯದೆಲೆ ಎಲ್ಲಿಂದ ತರುವುದು? ಹಿತ್ತಿಲ ಬಳ್ಳಿಯಿಂದ ಎಳೆಯ ದ್ರಾಕ್ಷಿ ಎಲೆ ಕೊಯ್ದು ತೊಳೆದು ಜೋಡಿಸಿದೆ. ತೆಂಗಿನಕಾಯಿಯ ಬದಲು ಅಕ್ರೋಟ್, ಬಾಳೆಹಣ್ಣಿನ ಬದಲು ಅಂಜೂರ, ಮೇಲೆ ಮೈಸೂರಿನ ಅಡಿಕೆ. ಬೀಗಿತಿಯ ದೊಡ್ಡ ಪಿಂಗಾಣಿ ತಟ್ಟೆಯಲ್ಲೇ ಇಟ್ಟೆ. ತಟ್ಟೆ ಅವರದೇ, ಎಲೆ ಅವರದೇ, ಹಣ್ಣು ಅವರದೇ. ನನ್ನದು ಕೇಳುವ ಮಾತು ಒಂದೇ.

ಅಂಜೂರದ ಮರದ ಕೆಳಗೆ ಮಗಳನ್ನು ಕೂರಿಸಿ ಹಸಿರು ಬಳೆ ತೊಡಿಸಿದೆ. ಅವಳು ಸಣ್ಣ ಹುಡುಗಿಯ ಹಾಗೆ ಕೈ ಆಡಿಸಿ ಸದ್ದು ಕೇಳಿದಳು. ಅಳಿಯ ಫೋಟೋ ತೆಗೆದ. ಬೀಗಿತಿ ಬಂದು ಒಂದೊಂದೇ ಬಳೆ ಮುಟ್ಟಿ ನೋಡಿದರು. ಆಗ ನಾನು ಎದ್ದು ನಿಂತು, ಸೆರಗು ಹೊದ್ದುಕೊಂಡು, ಯಜಮಾನರನ್ನು ನನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡು, ತಟ್ಟೆಯನ್ನು ಎರಡೂ ಕೈಯಲ್ಲಿ ಬೀಗಿತಿಯ ಮುಂದೆ ಹಿಡಿದೆ. ನಾನು ಹೇಳುವುದನ್ನು ಅವರ ಭಾಷೆಯಲ್ಲಿ ಹೇಳು ಎಂದು ಮಗಳಿಗೆ ಅಂದೆ.

"ನಿಮ್ಮ ಸೊಸೇನ ಚೊಚ್ಚಲ ಹೆರಿಗೆಗೆ ನಮ್ಮನೆಗೆ ಕರ್ಕೊಂಡು ಹೋಗೋಣ ಅಂತ ಬಂದಿದೀವಿ. ದೊಡ್ಡ ಮನಸ್ಸು ಮಾಡಿ ಕಳಿಸ್ಕೊಡಿ."

ಮಗಳ ಕೈಯ ಬಳೆಗಳ ಸದ್ದು ನಿಂತಿತು. ಅವಳು ನನ್ನನ್ನೇ ನೋಡಿದಳು. ತನ್ನನ್ನು ಕೊಡಿ ಎಂದು ಬೇರೆಯವರ ಹತ್ತಿರ ಕೇಳುವ ಮಾತನ್ನು ತನ್ನ ಬಾಯಿಂದಲೇ ಹೇಳಬೇಕಾದ ಪರಿಸ್ಥಿತಿಗೆ ಅವಳನ್ನು ತಂದಿದ್ದೇನೆಂದು ನನಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ನಿಧಾನವಾಗಿ ಫ್ರೆಂಚಿನಲ್ಲಿ ಏನೋ ಹೇಳಿದಳು. ಅಳಿಯ ಕ್ಯಾಮೆರಾ ಇಳಿಸಿದ. ಬೀಗಿತಿ ತಟ್ಟೆ ತೆಗೆದುಕೊಂಡರು, ಮೇಜಿನ ಮೇಲಿಟ್ಟರು, ಮಗಳ ಕಡೆ ನೋಡಿದರು, ನನ್ನ ಕಡೆ ನೋಡಿದರು. ಆಮೇಲೆ ಆಡಿದ್ದು ಒಂದೆರಡು ಮಾತು.

ಮಗಳು ಅದನ್ನು ಇಂಗ್ಲಿಷಿಗೆ ತಂದು ಹೇಳಿದಳು. ಕಳಿಸಲು ತಾನು ಯಾರು ಎಂದು ಅವರು ಕೇಳುತ್ತಿದ್ದರು. ಇವಳು ಇಲ್ಲೇ ಕೂತಿದ್ದಾಳಲ್ಲ, ಇವಳನ್ನು ಕೇಳಿದಿರಾ ಎಂದೂ ಕೇಳುತ್ತಿದ್ದರು.

ಅವರ ಮುಖದಲ್ಲಿ ಕೊಂಕಿರಲಿಲ್ಲ. ನಿಜವಾಗಿ ತಿಳಿಯದೆ ಕೇಳಿದ ಪ್ರಶ್ನೆ. ಪಕ್ಕದಲ್ಲಿ ಯಜಮಾನರು ಜುಬ್ಬದ ಗುಂಡಿ ಮುಟ್ಟಿಕೊಳ್ಳುತ್ತಾ ನಿಂತಿದ್ದರು. ಮಗಳು ಮೆಲ್ಲಗೆ ಹೇಳಿದಳು: ಸೂಲಗಿತ್ತಿಯನ್ನು ಗೊತ್ತುಮಾಡಿ ಆಗಿದೆ, ಆಸ್ಪತ್ರೆ ಹತ್ತಿರದಲ್ಲೇ ಇದೆ, ಹೆರುವಾಗ ಗಂಡ ಪಕ್ಕದಲ್ಲಿರಬೇಕು, ತಾನು ಎಲ್ಲಿಗೂ ಬರುವುದಿಲ್ಲ. ಇವೆಲ್ಲ ತೀರ್ಮಾನವಾಗಿ ಎಷ್ಟೋ ದಿನವಾಗಿತ್ತು. ನಾನು ಕೇಳಿದ್ದರೆ ಆಗಲೇ ಹೇಳುತ್ತಿದ್ದಳು.

ನನಗೆ ಸಿಟ್ಟು ಬಂದರೆ ಪಾತ್ರೆ ತೊಳೆಯುತ್ತೇನೆ. ಅಡುಗೆಮನೆಗೆ ಹೋಗಿ ತೊಳೆದಿಟ್ಟಿದ್ದ ಪಾತ್ರೆಗಳನ್ನೆಲ್ಲ ಮತ್ತೆ ತೊಳೆದೆ. ಬೀಗಿತಿಯ ಮೇಲೆ ಸಿಟ್ಟು, ಮಗಳ ಮೇಲೆ ಸಿಟ್ಟು, ಬಾಯಿಬಿಡದ ಗಂಡನ ಮೇಲೆ ಇನ್ನೂ ಹೆಚ್ಚು ಸಿಟ್ಟು. ಇಷ್ಟು ವರ್ಷ ಕಾದದ್ದು ಇದಕ್ಕೇನು ಎಂದು ದುಃಖ ಒತ್ತರಿಸಿ ಬಂತು. ಊಟಕ್ಕೆ ಕರೆದರೂ ಹೋಗಲಿಲ್ಲ.

ಬೆಳಿಗ್ಗೆ ಕಾಫಿಗೆ ನೀರಿಟ್ಟಿದ್ದಾಗ ಮಗಳು ಬಂದು ಅಡುಗೆಮನೆಯ ಬೆಂಚಿನ ಮೇಲೆ ಕೂತಳು. ಬಳೆಗಳನ್ನು ತೆಗೆದಿರಲಿಲ್ಲ. ನಾನು ಬೆನ್ನು ತಿರುಗಿಸಿಕೊಂಡೇ ಶುರುಮಾಡಿದೆ. ನಿನಗೆ ಎಣ್ಣೆ ಹಚ್ಚಿ ನೀರು ಹಾಕುವವರು ಯಾರು, ಹೊಟ್ಟೆ ಕಟ್ಟುವವರು ಯಾರು, ಮೆಣಸಿನ ಸಾರು ಮಾಡಿ ಬಿಸಿ ಅನ್ನ ಕಲಸಿ ಕೊಡುವವರು ಯಾರು, ಇವರು ನಿನಗೆ ತಣ್ಣಗಿನ ಬ್ರೆಡ್ಡು ಕೊಡುತ್ತಾರೆ ಅಷ್ಟೆ ಎಂದೆ. ಅವಳು ಎಲ್ಲ ಕೇಳಿಸಿಕೊಂಡು, ನಿನಗೆ ಯಾರು ಮಾಡಿದರು ಎಂದಳು.

ಗೊತ್ತಲ್ಲ ನಿನಗೆ ಆ ಕಥೆ ಎಂದು ನಾನು ಅಭ್ಯಾಸದಂತೆ ಶುರುಮಾಡಿದೆ. ಫೋನ್ ಕಾರ್ಡು, ಸೀದ ಮೆಣಸು, ಅಲಾರಂ, ಪೈಜಾಮದ ಜನ. ಕೈಯಲ್ಲಿ ಸೌಟು ಹಿಡಿದು ಅವಳಪ್ಪ ಓಡಿದ್ದನ್ನು ತೋರಿಸಲು ತಿರುಗಿದೆ. ಅವಳು ನಗುತ್ತಿರಲಿಲ್ಲ. ಆಗ ನಿನ್ನ ಕಾಲಲ್ಲಿ ಚಪ್ಪಲಿ ಇತ್ತಾ ಎಂದು ಕೇಳಿದಳು. ಇರಲಿಲ್ಲ ಎಂದೆ. ಚಳಿ ಎಷ್ಟಿತ್ತು ಎಂದಳು. ಈ ಕಥೆಯಲ್ಲಿ ಅದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ನಾನು ಸೌಟು ಕೆಳಗಿಟ್ಟೆ.

ಆಮೇಲೆ ಅವಳು ಕನ್ನಡದಲ್ಲಿ ಮಾತಾಡಿದಳು. ಅಮೆರಿಕದ ಎಳೆತದ ಕನ್ನಡ, ಒಂದೊಂದು ಪದವನ್ನೂ ಹುಡುಕಿಕೊಂಡು.

"ಅಮ್ಮಾ, ಇದೆಲ್ಲ ನಂಗೆ ಬೇಕಿರೋದಲ್ಲ. ನಿಂಗೆ ಬೇಕಿತ್ತು. ನಿಂಗೆ ಯಾರೂ ಮಾಡ್ಲಿಲ್ಲ."

ಒಲೆಯ ಮೇಲಿನ ನೀರು ಕುದಿದು ಕುದಿದು ಇಂಗುತ್ತಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಸದ್ದು ಮಾಡಿಕೊಂಡು, ಮೂಗೊರೆಸಿಕೊಂಡು ಅತ್ತೆ. ಹೆತ್ತಾಗ ಅಳಲು ಪುರುಸೊತ್ತಿರಲಿಲ್ಲ; ಆಮೇಲೆ ಕಥೆ ಹೇಳಿ ನಗಿಸುವುದೇ ಆಗಿತ್ತು. ಅಮ್ಮ ಕೊನೆಯವರೆಗೂ ಫೋನಿನಲ್ಲಿ ತನಗೆ ಬರಲಾಗಲಿಲ್ಲವೆಂದೇ ಹೇಳಿಕೊಂಡು ಕೊರಗುತ್ತಿದ್ದಳು, ನಾನು ಅವಳಿಗೂ ಇದೇ ತಮಾಷೆ ಹೇಳಿ ಸಮಾಧಾನ ಮಾಡುತ್ತಿದ್ದೆ.

ಎಣ್ಣೆ ಎಲ್ಲಿದೆ ಎಂದು ಮಗಳು ಕೇಳಿದಳು. ಸೂಟ್‌ಕೇಸಿನಲ್ಲಿದೆ ಎಂದೆ, ಅವಳಿಗೇ ಹಚ್ಚಲು ಕೇಳುತ್ತಿದ್ದಾಳೆಂದುಕೊಂಡು. ಹರಳೆಣ್ಣೆ ಬಿಸಿ ಮಾಡಿ ತಂದು, ಅಂಗಳದಲ್ಲಿ ತಾನು ಕುರ್ಚಿಯ ಮೇಲೆ ಕೂತು, ನನ್ನನ್ನು ಮುಂದೆ ಮಣೆಯಂಥ ಒಂದು ಗಿಡ್ಡ ಸ್ಟೂಲಿನ ಮೇಲೆ ಕೂರಿಸಿದಳು. ನೆತ್ತಿಗೆ ಎಣ್ಣೆ ಸುರಿದಳು. ತಟ್ಟಿ ತಟ್ಟಿ ಇಳಿಸಬೇಕು, ಅದು ಅವಳಿಗೆ ಗೊತ್ತಿಲ್ಲ; ಹಿಟ್ಟು ನಾದಿದ ಹಾಗೆ ನಾದಿದಳು. ಕಣ್ಣಿಗೆಲ್ಲ ಇಳಿಯಿತು. ಬೆನ್ನಿಗೆ ಅವಳ ಹೊಟ್ಟೆ ತಾಗುತ್ತಿತ್ತು, ಒಳಗಿನ ಮಗು ಎರಡು ಸಲ ಒದ್ದದ್ದು ನನಗೇ ಗೊತ್ತಾಯಿತು. ಪ್ರತಿ ಹುಟ್ಟುಹಬ್ಬಕ್ಕೆ ನಾನು ಅವಳ ತಲೆಗೆ ಎಣ್ಣೆಯೊತ್ತುವಾಗ ಹೇಳುತ್ತಿದ್ದ ಹಾರೈಕೆಯನ್ನು ಅರೆಬರೆ ನೆನಪಿಸಿಕೊಂಡು, ನೂರು ವರ್ಷ ಬಾಳು ಎಂದು ನನಗೇ ಹಾರೈಸಿದಳು.

ಬೀಗಿತಿ ಬಾಗಿಲಲ್ಲಿ ನಿಂತು ನೋಡಿದರು. ಏನು, ಎತ್ತ ಎಂದು ಕೇಳಲಿಲ್ಲ. ಒಳಗೆ ಹೋಗಿ, ಹಣ್ಣಿನ ಜಾಮು ಮಾಡುವ ದೊಡ್ಡ ತಾಮ್ರದ ಪಾತ್ರೆಯಲ್ಲಿ ನೀರು ಕಾಯಿಸಿ, ಬಟ್ಟೆ ಒಗೆಯುವ ಕೋಣೆಗೆ ತಾವೇ ಹೊತ್ತುಕೊಂಡು ಬಂದು ಇಟ್ಟರು. ಮತ್ತೆ ಹೋಗಿ ಇನ್ನೊಂದು ಪಾತ್ರೆ ತಂದರು. ಬೀಗಿತಿಯ ಕೈಲಿ ನೀರು ಹೊರಿಸಿದ ಹೆಂಗಸು ಭೂಲೋಕದಲ್ಲಿ ನಾನೊಬ್ಬಳೇ ಎಂದು ಯಜಮಾನರು ಈಗಲೂ ಆಡಿಕೊಳ್ಳುತ್ತಾರೆ. ಮಗಳು ಚೊಂಬಿಲ್ಲದೆ ಹಾಲು ಕಾಯಿಸುವ ಪಾತ್ರೆಯಲ್ಲಿ ಮೊಗೆದು ಮೊಗೆದು ಹಾಕಿದಳು. ನೀರು ಸುಡುಸುಡು ಇತ್ತು. ನಾನು ಸಾಕು ಎನ್ನಲಿಲ್ಲ. ತಲೆಗೆ ಟವೆಲ್ ಸುತ್ತಿ, ಬೆನ್ನೊರೆಸಿ, ಅವಳು ನನ್ನದೇ ಧಾಟಿಯಲ್ಲಿ ಗದರಿದಳು:

"ತಣ್ಣೀರು ಮುಟ್ಬೇಡ."

ಹೊರಡುವ ದಿನ ಬೀಗಿತಿ ಆ ಪಿಂಗಾಣಿ ತಟ್ಟೆಯನ್ನೇ ಕಾಗದದಲ್ಲಿ ಸುತ್ತಿ ನನಗೆ ಕೊಟ್ಟರು. ಬೇಡವೆನ್ನುವುದು ನಮ್ಮ ಪದ್ಧತಿ. ಒಂದು ಸಲ ಬೇಡವೆಂದೆ, ಅವರು ನಂಬಿ ವಾಪಸ್ಸು ಇಟ್ಟುಕೊಳ್ಳಲು ಹೊರಟರು. ಕೈಚಾಚಿ ಇಸಿದುಕೊಂಡೆ.

ಮುಕಿಲ್ಟಿಯೊಗೆ ಬಂದ ಮೇಲೆ ಪಶ್ಚಿಮದ ಕೋಣೆಯ ದಪ್ಪ ಪರದೆ ತೆಗೆಸಿದೆ. ಅಲಾರಮ್ಮಿಗೆ ಬ್ಯಾಟರಿ ಹಾಕಿ ಎಂದು ನಾನೇ ಹೇಳಿದೆ. ಯಜಮಾನರು ಸ್ಟೂಲ್ ಹತ್ತಿ ಹಾಕಿ, ಎರಡು ಸಲ ಕೂಗಿಸಿ ಪರೀಕ್ಷೆ ಮಾಡಿದರು. ಮಗು ಹುಟ್ಟುವುದು ಅಲ್ಲೇ. ನಾನು ಬರಲಾ ಎಂದು ಈ ಸಲ ಮಗಳನ್ನೇ ಕೇಳಿದೆ. ಬಾ, ಆದರೆ ಮಗು ಹುಟ್ಟಿ ಒಂದು ವಾರವಾದ ಮೇಲೆ ಬಾ ಎಂದಳು. ಆ ಒಂದು ವಾರ ನನಗೆ ಈಗಲೂ ಚುಚ್ಚುತ್ತದೆ, ಸುಳ್ಳೇಕೆ ಹೇಳಲಿ. ಏನು ತರಲಿ ಎಂದು ಕೇಳಿದ್ದಕ್ಕೆ, ಎಣ್ಣೆ ಸಾಕು ಎಂದಳು.

ಮೊನ್ನೆ ಭಾನುವಾರ ಎವರೆಟ್ಟಿನಲ್ಲಿ ಹೋಟೆಲಿಗೆ ಊಟಕ್ಕೆ ಹೋಗಿದ್ದೆವು. ಹೊರಗೆ ಮಳೆ. ಕೂತ ತಕ್ಷಣ ಇಬ್ಬರ ಮುಂದೂ ಐಸ್ ತುಂಬಿದ ನೀರಿನ ಲೋಟ ಬಂತು. ಈ ದೇಶಕ್ಕೆ ಬಂದಾಗಿನಿಂದ ನನ್ನ ಮುಂದೆ ಇಟ್ಟ ಇಂಥ ಲೋಟವನ್ನೆಲ್ಲ ಸುಮ್ಮನೆ ಕುಡಿದಿದ್ದೇನೆ. ಅವತ್ತು ಅದನ್ನು ಮೇಜಿನ ಅಂಚಿಗೆ ಸರಿಸಿ, ಬಿಸಿನೀರು ತಂದುಕೊಡಲು ಹೇಳಿದೆ.

"ಏನಿದು, ಬಾಣಂತಿ ಥರ ಆಡ್ತಿದೀಯ?" ಎಂದರು ಯಜಮಾನರು.

"ಹೂಂ. ಮಗಳು ತಣ್ಣೀರು ಮುಟ್ಬೇಡ ಅಂದಿದಾಳೆ" ಎಂದೆ.